ಓಡದ ಕಾರಿಗೇಕೆ ಹೊಸ ಆಯಿಲ್?

ಎಂಜಿನ್ನಿನ ಮೇಲಿರುವ ಆಯಿಲ್ ಮುಚ್ಚಳವನ್ನು ಮೆಕ್ಯಾನಿಕ್ ತಿರುಗಿಸಿ ತೆಗೆದು, ಅಂಗೈಯಲ್ಲಿ ಮಗುಚಿ, ಏನೂ ಮಾತನಾಡದೆ ನನ್ನ ಮುಂದೆ ಹಿಡಿದರು. ಅದರ ಒಳಮೈಗೆ ತಿಳಿಗಂದು ಬಣ್ಣದ, ಸೋಪಿನ ನೊರೆ ಹೆಪ್ಪುಗಟ್ಟಿದಂಥ ಲೋಳೆ ಮೆತ್ತಿಕೊಂಡಿತ್ತು. ಬೆರಳಿನಿಂದ ಒರೆಸಿದರೆ ಅದು ಎಣ್ಣೆಯಂತೆ ಜಾರದೆ ಅಂಟಿಕೊಂಡಿತು. ಮೂಗಿನ ಹತ್ತಿರ ತಂದರೆ ಸಣ್ಣಗೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ಹಿಂದಿನ ಸಲ ಆಯಿಲ್ ಬದಲಾಯಿಸಿ ಆಗಲೇ 20 ತಿಂಗಳಾಗಿದ್ದರೂ ಕಾರು ಓಡಿದ್ದು ಬರೀ 3,400 ಕಿಲೋಮೀಟರ್. ಮೀಟರು ಹತ್ತು ಸಾವಿರ ತೋರಿಸುವವರೆಗೆ ಗ್ಯಾರೇಜಿನ ಕಡೆ ತಲೆ ಹಾಕುವ ಅಗತ್ಯವಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. “ಗಾಡಿ ಓಡೇ ಇಲ್ಲವಲ್ಲ” ಎಂದು ಸಮರ್ಥಿಸಿಕೊಳ್ಳಲು ಹೋದಾಗ ಅವರು, “ಅದೇ ಸಾರ್ ತೊಂದರೆ, ಚೆನ್ನಾಗಿ ಓಡಿಸಿದ್ದರೆ ಹೀಗಾಗುತ್ತಿರಲಿಲ್ಲ” ಎಂದರು.

ಅವರು ಮೊದಲು ಅನುಮಾನಪಟ್ಟದ್ದು ಕೂಲಂಟ್, ಅಂದರೆ ಎಂಜಿನ್ನನ್ನು ತಣ್ಣಗಿಡುವ ನೀರು ಬೆರೆತ ದ್ರವ, ಸೋರುತ್ತಿರುವುದನ್ನು. ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಸೀಳಿ ಕೂಲಂಟ್ ಆಯಿಲಿಗೆ ಸೇರಿದರೂ ಇಂಥದೇ ಲೋಳೆ ಕಾಣಿಸಿಕೊಳ್ಳುತ್ತದೆ, ಮತ್ತು ಅದು ದೊಡ್ಡ ಕೆಲಸ. ಎರಡು ದಿನ ಕೂಲಂಟಿನ ಮಟ್ಟ ಇಳಿಯುತ್ತದೆಯೇ ಎಂದು ನೋಡಿದ್ದಾಯಿತು. ಮಟ್ಟ ಗೆರೆಯಿಂದ ಕದಲಲಿಲ್ಲವಾದ್ದರಿಂದ, ಆಯಿಲಿಗೆ ಬೆರೆತು ಲೋಳೆಯಾದ ನೀರು ಕೂಲಂಟಿನಿಂದ ಬಂದದ್ದಲ್ಲ, ಎಂಜಿನ್ನೇ ಹುಟ್ಟಿಸಿದ್ದು ಎಂಬುದು ಖಚಿತವಾಯಿತು. ಮನೆಗೆ ಬಂದು ಕಾರಿನ ಕೈಪಿಡಿಯನ್ನು ತೆಗೆದು ನೋಡಿದರೆ ಅಲ್ಲಿ “10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು” ಎಂದು ಸ್ಪಷ್ಟವಾಗಿಯೇ ಇತ್ತು. ನಾನು ಇಷ್ಟು ವರ್ಷ ಆ ವಾಕ್ಯವನ್ನು “ಅಥವಾ” ಎಂಬ ಪದದವರೆಗೆ ಮಾತ್ರ ಓದಿದ್ದೆ. ತಿಂಗಳ ಲೆಕ್ಕವು ಗ್ರಾಹಕರನ್ನು ವರ್ಷಕ್ಕೊಮ್ಮೆಯಾದರೂ ಬರಮಾಡಿಕೊಳ್ಳಲು ಹೂಡಿದ ಉಪಾಯವೆಂದೇ ನನ್ನ ಎಣಿಕೆಯಾಗಿತ್ತು.

ಆ ನೀರಿನ ಮೂಲವನ್ನು ತಿಳಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿಯುವಾಗ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿಯಾಗಿ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ಇರುತ್ತದೆ. ಅದರ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ, ಚಳಿಯ ಬೆಳಿಗ್ಗೆ ಹೊಗೆಕೊಳವೆಯ ತುದಿಯಲ್ಲಿ ಹನಿ ತೊಟ್ಟಿಕ್ಕುವುದು ಅದೇ. ಆದರೆ ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಉರಿದ ಅನಿಲದಲ್ಲಿ ಸ್ವಲ್ಪ ಪಾಲು ಅವುಗಳ ಸಂದಿನಿಂದ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ಆವಿ ಆವಿಯಾಗಿಯೇ ಉಳಿದು, ಕ್ರ್ಯಾಂಕ್‌ಕೇಸಿನ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವಿನ ದಾರಿ ಹಿಡಿದು ಮತ್ತೆ ಸಿಲಿಂಡರಿಗೆ ಎಳೆಯಲ್ಪಟ್ಟು ಹೋಗುತ್ತದೆ. ಎಂಜಿನ್ ತಣ್ಣಗಿದ್ದರೆ ಒಳಗೋಡೆಗಳಿಗೆ ತಾಗಿ ಹನಿಗಟ್ಟಿ ಆಯಿಲಿನೊಳಗೆ ಬೀಳುತ್ತದೆ.

ನನ್ನ ಕೆಲಸದ ಜಾಗ ಮನೆಯಿಂದ 3 ಕಿಲೋಮೀಟರ್ ದೂರ. ಕಾರು ಹೊರಟ ನಾಲ್ಕೈದು ನಿಮಿಷಕ್ಕೆ ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂದು ನಿಲ್ಲುವುದನ್ನು ನೋಡಿ ಎಂಜಿನ್ ಕಾದಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ. ಆ ಮುಳ್ಳು ತೋರಿಸುವುದು ಕೂಲಂಟಿನ ಬಿಸಿಯನ್ನೇ ಹೊರತು ಆಯಿಲಿನ ಬಿಸಿಯನ್ನಲ್ಲ. ತಳದ ಸಂಪಿನಲ್ಲಿ ನಿಂತಿರುವ ಮೂರು-ನಾಲ್ಕು ಲೀಟರ್ ಆಯಿಲ್ ಕೆಲಸದ ಬಿಸಿಗೆ, ಅಂದರೆ 90ರಿಂದ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ, ಬರಬೇಕಾದರೆ ಕೂಲಂಟಿಗೆ ಹಿಡಿಯುವುದರ ಎರಡು-ಮೂರು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ನಾನು ಕಾರು ನಿಲ್ಲಿಸಿ ಬೀಗ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿರುತ್ತೇನೆ. ಹೀಗೆ ದಿನಕ್ಕೆರಡು ಬಾರಿ ನೀರನ್ನು ತುಂಬಿ ಒಮ್ಮೆಯೂ ಆರಿಸದೆ ಬಿಟ್ಟ ಪಾತ್ರೆಯಂತೆ ನನ್ನ ಎಂಜಿನ್ 20 ತಿಂಗಳು ಕಳೆದಿತ್ತು.

ನೀರಿನ ಜೊತೆಗೆ ಪೆಟ್ರೋಲೂ ಇಳಿಯುತ್ತದೆ. ತಣ್ಣನೆಯ ಎಂಜಿನ್ನಿಗೆ ಕಂಪ್ಯೂಟರು ಬೇಕಾದುದಕ್ಕಿಂತ ಹೆಚ್ಚು ಇಂಧನ ಚಿಮ್ಮಿಸುತ್ತದೆ. ಅದರಲ್ಲಿ ಆವಿಯಾಗದೆ ಉಳಿದದ್ದು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಕೊಂಡು ಸಂಪನ್ನು ಸೇರುತ್ತದೆ. ಇಂಧನವನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುವ ಈಚಿನ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಡೀಸೆಲ್ ಕಾರುಗಳವರು ಇದರಿಂದ ಪಾರಾದೆವೆಂದುಕೊಳ್ಳಬಾರದು: ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಫಿಲ್ಟರನ್ನು ಸುಟ್ಟು ಶುಚಿಗೊಳಿಸಲು ಅನೇಕ ಎಂಜಿನ್‌ಗಳು ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ, ಊರೊಳಗಿನ ತುಂಡು ಓಡಾಟದಲ್ಲಿ ಆ ಸುಡುವ ಕೆಲಸ ನಡುವೆಯೇ ನಿಂತರೆ ಡೀಸೆಲ್ ಆಯಿಲಿಗೆ ಸೇರುತ್ತ ಹೋಗುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತಿದೆ ಎಂದಾದರೆ ಸಂತೋಷಪಡುವಂಥದ್ದೇನೂ ಇಲ್ಲ.

ಇಷ್ಟಾದರೂ ಆಯಿಲ್ ಎಂದರೆ ಎಣ್ಣೆ, ಅದಕ್ಕೆ ಹಾಳಾಗುವುದೇನಿದೆ, ಕೊಳೆಯಾದರೆ ಸೋಸಿದರಾಯಿತಲ್ಲ ಎಂಬ ವಾದವನ್ನು ನಾನು ಬಹಳ ಜನರಿಂದ ಕೇಳಿದ್ದೇನೆ, ಒಮ್ಮೆ ಸ್ವತಃ ಮಾಡಿಯೂ ಇದ್ದೇನೆ. ಕನ್ನಡದಲ್ಲಿ ಕೀಲೆಣ್ಣೆ ಎಂಬ ಸೊಗಸಾದ ಪದವಿದೆ. ಆದರೆ ಗಾಡಿಯ ಕೀಲಿಗೆ ಬಿಡುತ್ತಿದ್ದ ಆ ಎಣ್ಣೆಗೆ ಜಾರಿಸುವುದೊಂದೇ ಕೆಲಸವಾಗಿತ್ತು, ಎಂಜಿನ್ ಆಯಿಲಿಗೆ ಹಾಗಲ್ಲ. ಅದು ಜಾರಿಸಬೇಕು, ಪಿಸ್ಟನ್ನಿನ ಅಡಿಯಿಂದ ಬಿಸಿಯನ್ನು ಹೊತ್ತು ತರಬೇಕು, ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಬಿಡಿಸಿ ಹಿಡಿದಿರಬೇಕು, ಆಮ್ಲವನ್ನು ಕೊಲ್ಲಬೇಕು, ತುಕ್ಕು ತಡೆಯಬೇಕು. ಇವನ್ನೆಲ್ಲ ಬರೀ ಎಣ್ಣೆ ಮಾಡಲಾರದು. ಮೂಲ ಎಣ್ಣೆಯೊಂದಿಗೆ ಬೆರೆಸಿದ ರಾಸಾಯನಿಕಗಳು ಮಾಡುತ್ತವೆ. ಲೋಹಕ್ಕೆ ಲೋಹ ತಾಗುವಲ್ಲಿ ತೆಳುವಾದ ರಕ್ಷಣೆಯ ಪದರ ಕಟ್ಟುವ ಸತು-ರಂಜಕದ ಸಂಯುಕ್ತ ಬೇರೆ, ಆಮ್ಲವನ್ನು ತಣಿಸುವ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಲವಣ ಬೇರೆ, ಬಿಸಿಯಾದಾಗಲೂ ಆಯಿಲ್ ತೀರಾ ತೆಳುವಾಗದಂತೆ ಕಾಯುವ ಪಾಲಿಮರ್ ಬೇರೆ. ಇವು ಕೆಲಸ ಮಾಡುತ್ತ ಮಾಡುತ್ತ ಖರ್ಚಾಗುತ್ತವೆ. ಪಾಲಿಮರಿನ ಉದ್ದನೆಯ ಎಳೆಗಳಂತೂ ಬೇರಿಂಗಿನ ಸಂದಿಯಲ್ಲಿ ಅರೆದು ತುಂಡಾಗುತ್ತವೆ. ಮಿಕ್ಕ ಎಣ್ಣೆಯೂ ಬಿಸಿಯಲ್ಲಿ ಗಾಳಿಯೊಂದಿಗೆ ವರ್ತಿಸಿ ಕೆಡುತ್ತದೆ, ಬಿಸಿ 10 ಡಿಗ್ರಿ ಏರಿದಂತೆಲ್ಲ ಆ ಕೆಡುವ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಲೆಕ್ಕ. ಫಿಲ್ಟರಿನ ಕಾಗದಕ್ಕೆ ಕಸ ಸಿಗುತ್ತದೆ, ಆದರೆ ಖರ್ಚಾದದ್ದನ್ನು ಮತ್ತೆ ತುಂಬಿಕೊಡುವುದು ಅದರಿಂದಾಗದು. ಆಯಿಲಿನಲ್ಲಿ ಕರಗಿದ ನೀರೂ ಪೆಟ್ರೋಲೂ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಡಿಪ್‌ಸ್ಟಿಕ್ಕನ್ನು ಎಳೆದು, ಹನಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಿ, “ಆಯಿಲ್ ಹೋಗಿಬಿಟ್ಟಿದೆ” ಎಂದು ತೀರ್ಪು ಕೊಡುವವರು ಎಲ್ಲ ಕಡೆಯೂ ಸಿಗುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಾಡಿಗೆಯಂತಾಗುತ್ತದೆ, ಮಸಿಯನ್ನು ಲೋಹದ ಮೇಲೆ ಕೂರಲು ಬಿಡದೆ ತಾನೇ ಹೊತ್ತುಕೊಂಡಿದೆ ಎಂಬುದಕ್ಕೆ ಅದು ಗುರುತು. ನನ್ನ ಕಾರಿನಲ್ಲಿ ಆದದ್ದು ತದ್ವಿರುದ್ಧ: ಡಿಪ್‌ಸ್ಟಿಕ್ಕಿನ ಆಯಿಲ್ ಜೇನಿನ ಬಣ್ಣಕ್ಕಿಂತ ಸ್ವಲ್ಪ ಗಾಢವಾಗಿ, ನೋಡಲು ಸೊಗಸಾಗಿಯೇ ಇತ್ತು, ಮುಚ್ಚಳದಡಿಯ ಲೋಳೆಯನ್ನು ನೋಡದಿದ್ದರೆ ನಾನು ಇನ್ನೂ ಒಂದು ವರ್ಷ ತಳ್ಳುತ್ತಿದ್ದೆ.

ನನ್ನ ಗೆಳೆಯರೊಬ್ಬರು ದೊಡ್ಡ ಜನರೇಟರ್‌ಗಳ ನಿರ್ವಹಣೆಯಲ್ಲಿ ಇದ್ದಾರೆ. ಅವರ ಕಡೆ ಆಯಿಲನ್ನು ಬೆರಳಿನಿಂದಲ್ಲ, ಪ್ರಯೋಗಾಲಯಕ್ಕೆ ಕಳಿಸಿ ನೋಡುತ್ತಾರೆ. ಈ ಪದ್ಧತಿಗೆ ರೈಲಿನ ಹಿನ್ನೆಲೆಯಿದೆ: 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ರೈಲು ಕಂಪನಿಯ ಪ್ರಯೋಗಾಲಯವು ಬಳಸಿದ ಆಯಿಲಿನಲ್ಲಿರುವ ಲೋಹದ ಅಂಶವನ್ನು ಅಳೆದು ಡೀಸೆಲ್ ಎಂಜಿನ್‌ಗಳೊಳಗಿನ ಸವೆತವನ್ನು ಬಿಚ್ಚದೆಯೇ ಪತ್ತೆಹಚ್ಚಿತು. ಕಬ್ಬಿಣ ಹೆಚ್ಚಿದ್ದರೆ ಸಿಲಿಂಡರ್ ಸವೆಯುತ್ತಿದೆ, ಸೀಸ-ತಾಮ್ರ ಹೆಚ್ಚಿದ್ದರೆ ಬೇರಿಂಗು, ಸಿಲಿಕಾನ್ ಹೆಚ್ಚಿದ್ದರೆ ಏರ್ ಫಿಲ್ಟರಿನಿಂದ ಧೂಳು ಒಳಬರುತ್ತಿದೆ ಎಂದು ರಕ್ತಪರೀಕ್ಷೆಯ ವರದಿಯಂತೆ ಓದಬಹುದು. ನನ್ನ ಆಯಿಲಿನ ಒಂದು ಪುಟ್ಟ ಬಾಟಲಿಯನ್ನು ಗೆಳೆಯರು ತಮ್ಮ ಮಾದರಿಗಳ ಜೊತೆಗೆ ಕಳಿಸಿಕೊಟ್ಟರು. ವರದಿಯಲ್ಲಿ ಲೋಹಗಳು ಕಡಿಮೆ ಇದ್ದವು, ಅದೊಂದು ಸಮಾಧಾನ. ಆದರೆ ಇಂಧನ ಮತ್ತು ನೀರಿನ ಎದುರು ಕೆಂಪು ಗುರುತು ಬಿದ್ದಿತ್ತು, ಆಮ್ಲವನ್ನು ತಣಿಸುವ ಕ್ಷಾರಬಲ ಅರ್ಧಕ್ಕಿಂತ ಕೆಳಗಿಳಿದಿತ್ತು. ಗೆಳೆಯರು ವರದಿಯ ಕೊನೆಯ ಸಾಲಿಗೆ ಬೆರಳಿಟ್ಟು, “ಇಲ್ಲಿ ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಬರೆಯಬೇಕಿತ್ತು, ನೀವು ಕಿಲೋಮೀಟರ್ ಬರೆದಿದ್ದೀರಿ” ಎಂದರು.

ಈ ವಿಷಯದಲ್ಲಿ ನನ್ನ ತಿಳಿವಳಿಕೆಯನ್ನು ತಿರುಗಿಸಿದ್ದು ಆ ಮಾತು. ಜನರೇಟರು ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಅದಕ್ಕೆ ಗಂಟೆಯ ಲೆಕ್ಕವೇ ಗತಿ, ಟ್ರ್ಯಾಕ್ಟರಿಗೂ ಹಾಗೆಯೇ. ಸಣ್ಣ ವಿಮಾನಗಳ ಲೈಕಮಿಂಗ್ ಪಿಸ್ಟನ್ ಎಂಜಿನ್‌ಗಳಿಗೆ, ಪೂರ್ತಿ ಆಯಿಲನ್ನು ಸೋಸುವ ಫಿಲ್ಟರ್ ಇದ್ದರೆ, 50 ಗಂಟೆ ಅಥವಾ 4 ತಿಂಗಳು ಎಂಬ ಮಿತಿಯಿದೆ. ಅಲ್ಲಿಯೂ ಆ “ಅಥವಾ” ತಪ್ಪಿದ್ದಲ್ಲ. ಕಾರಿನವರು ಮಾತ್ರ, ಮೀಟರು ಕಣ್ಣೆದುರಿಗೇ ಇರುವುದರಿಂದ, ಚಕ್ರ ಸುತ್ತಿದ್ದನ್ನು ಎಣಿಸಿ ಎಂಜಿನ್ ದುಡಿದದ್ದನ್ನು ಅಂದಾಜು ಮಾಡುತ್ತೇವೆ. ಡ್ಯಾಶ್‌ಬೋರ್ಡಿನ ಒಂದು ಮೂಲೆಯಲ್ಲಿ ಸರಾಸರಿ ವೇಗ ತೋರಿಸುವ ಅಂಕಿಯಿರುತ್ತದೆ. ನಾನು ಅದನ್ನು ಎಂದೂ ಗಮನಿಸಿರಲಿಲ್ಲ. ನನ್ನ ಕಾರಿನದು ಗಂಟೆಗೆ 17 ಕಿಲೋಮೀಟರ್ ಎಂದಿತ್ತು. 3,400ನ್ನು 17ರಿಂದ ಭಾಗಿಸಿದರೆ 200 ಗಂಟೆ. ಹೆದ್ದಾರಿಯಲ್ಲೇ ಓಡುವ, ಗಂಟೆಗೆ 68 ಕಿಲೋಮೀಟರ್ ಸರಾಸರಿಯಿರುವ ಇಂಥದೇ ಇನ್ನೊಂದು ಕಾರು ಅದೇ 200 ಗಂಟೆಯಲ್ಲಿ 13,600 ಕಿಲೋಮೀಟರ್ ಕ್ರಮಿಸಿರುತ್ತದೆ, ಮತ್ತು ಅದರ ಆಯಿಲು ಅಷ್ಟು ಹೊತ್ತೂ ಹದವಾದ ಬಿಸಿಯಲ್ಲಿ ಒಣಗಿಕೊಂಡು ಓಡಿರುತ್ತದೆ. “ನನ್ನ ಕಾರು ಓಡೇ ಇಲ್ಲ” ಎಂಬ ಮಾತು ಚಕ್ರದ ಮಟ್ಟಿಗೆ ನಿಜವಾಗಿತ್ತು, ಅಷ್ಟೇ.

ಕೈಪಿಡಿಗಳು ಇದನ್ನು ಹೇಳದೆ ಬಿಟ್ಟಿಲ್ಲ. ದೊಡ್ಡ ಕೋಷ್ಟಕದ ಕೆಳಗೆ, ಸಣ್ಣ ಅಕ್ಷರದಲ್ಲಿ, “ಕಠಿಣ ಬಳಕೆ” ಎಂಬ ಇನ್ನೊಂದು ಭಾಗವಿರುತ್ತದೆ: ಪದೇಪದೇ ಕಡಿಮೆ ದೂರದ ಓಡಾಟ, ಟ್ರಾಫಿಕ್ಕಿನಲ್ಲಿ ನಿಂತೇ ಉರಿಯುವ ಎಂಜಿನ್, ಧೂಳಿನ ದಾರಿ, ಹೆಚ್ಚು ಭಾರ, ಏರುದಾರಿ, ವಿಪರೀತ ಚಳಿ ಅಥವಾ ಸೆಕೆ. ಇಂಥ ಕಡೆ ಅನೇಕ ತಯಾರಕರು ಅವಧಿಯನ್ನು ಅರ್ಧಕ್ಕೆ ಇಳಿಸಿ, 5,000 ಕಿಲೋಮೀಟರ್ ಅಥವಾ 6 ತಿಂಗಳು ಎನ್ನುತ್ತಾರೆ. “ಕಠಿಣ” ಎಂಬ ಪದವನ್ನು ಕಂಡು ಮರುಭೂಮಿಯನ್ನೂ ಗಣಿಯ ಲಾರಿಯನ್ನೂ ಊಹಿಸಿಕೊಂಡು ಪುಟ ತಿರುಗಿಸಿದವರಲ್ಲಿ ನಾನೂ ಒಬ್ಬ. ಆ ಪಟ್ಟಿಯನ್ನು ನಿಧಾನವಾಗಿ ಓದಿದರೆ ಊರೊಳಗೆ ಕಾರು ಓಡಿಸುವ ಬಹುಪಾಲು ಜನ ಅದರೊಳಗೇ ಇದ್ದೇವೆ, ವಯಸ್ಸಾದವರು ವಾರಕ್ಕೊಮ್ಮೆ ಹೊರತೆಗೆದು ಜೋಪಾನ ಮಾಡುವ ಕಾರು ಎಲ್ಲರಿಗಿಂತ ಮೊದಲು ಬರುತ್ತದೆ.

ಹಾಗೆಂದು 5,000 ಎಂಬ ಅಂಕಿಯನ್ನೇ ಎಲ್ಲರೂ ಕಣ್ಣುಮುಚ್ಚಿ ಹಿಡಿದುಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಅದು 3,000 ಮೈಲಿಯ ಹಳೆಯ ರೂಢಿ. ಕಾರ್ಬ್ಯುರೇಟರಿನಿಂದ ಇಂಧನ ಅಳತೆಯಿಲ್ಲದೆ ಬೀಳುತ್ತಿದ್ದ, ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದ, ಆಯಿಲೂ ಈಗಿನಷ್ಟು ಗಟ್ಟಿಗನಲ್ಲದ ಕಾಲದ್ದು. ಆ ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ಈಗ ಪೂರ್ಣ ಸಿಂಥೆಟಿಕ್ ಆಯಿಲ್ ಹಾಕಿ, ದಿನಕ್ಕೆ ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿಸಿ, ಎರಡು ತಿಂಗಳಿಗೊಮ್ಮೆ ಒಳ್ಳೆಯ ಆಯಿಲನ್ನು ಹೊರಚೆಲ್ಲಿಸುವವರಿದ್ದಾರೆ. ಅದು ಎಂಜಿನ್ನಿನ ಮೇಲಿನ ಪ್ರೀತಿಯಿರಬಹುದು, ಎಂಜಿನ್ನಿಗೆ ಅದರಿಂದ ಪ್ರಯೋಜನ ಕಾಣದು. ಯುರೋಪಿನ ಕೆಲವು ತಯಾರಕರು ತಮ್ಮದೇ ಮಾನದಂಡದ ಆಯಿಲ್ ಬಳಸಿದರೆ 30,000 ಕಿಲೋಮೀಟರ್ ಅಥವಾ 2 ವರ್ಷದವರೆಗೂ ಬಿಡುತ್ತಾರೆ. ಇದು ಇನ್ನೊಂದು ತುದಿ. ಟರ್ಬೊ ಇರುವ ಎಂಜಿನ್ನಿನಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಶಾಫ್ಟು ಕೂದಲೆಳೆಯಷ್ಟು ಆಯಿಲಿನ ಪದರದ ಮೇಲೆ ತೇಲುತ್ತಿರುವುದನ್ನು ನೆನೆದರೆ, ಕಾರನ್ನು ಬಹಳ ವರ್ಷ ಇಟ್ಟುಕೊಳ್ಳುವ ಮನಸ್ಸಿರುವ ನಾನಂತೂ ಅಷ್ಟು ದೂರ ಹೋಗಲಾರೆ.

ಕೆಲವು ಕಾರುಗಳಲ್ಲಿ ಇನ್ನು ಶೇಕಡಾ ಇಷ್ಟು ಆಯಿಲ್ ಉಳಿದಿದೆ ಎಂದು ತೋರಿಸುವ ವ್ಯವಸ್ಥೆಯಿದೆ. ಜನರಲ್ ಮೋಟರ್ಸ್ 1980ರ ದಶಕದ ಕೊನೆಯಲ್ಲಿ ತಂದ ಇಂಥ ವ್ಯವಸ್ಥೆಯು ಆಯಿಲನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಎಂಜಿನ್ ಎಷ್ಟು ಸುತ್ತು ಸುತ್ತಿತು, ಯಾವ ಬಿಸಿಯಲ್ಲಿ ಸುತ್ತಿತು ಎಂದು ಲೆಕ್ಕ ಹಾಕುತ್ತಿತ್ತು. ಬರೀ ಕಿಲೋಮೀಟರಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ತಣ್ಣನೆಯ ಸುತ್ತು ಮತ್ತು ಬಿಸಿಯ ಸುತ್ತಿಗೆ ಅದು ಬೇರೆ ಬೇರೆ ಬೆಲೆ ಕಟ್ಟುತ್ತದೆ. ಆದರೆ ಬರೀ ಲೆಕ್ಕದ ಮೇಲೆ ನಡೆಯುವ ಇಂಥ ವ್ಯವಸ್ಥೆಗೆ ಧೂಳು ಕಾಣದು, ಸಂಪಿನಲ್ಲಿ ಆಯಿಲ್ ಎಷ್ಟಿದೆ ಎಂಬುದೂ ತಿಳಿಯದು. ಆಯಿಲ್ ಬದಲಿಸದೆ ಬಟನ್ ಒತ್ತಿ ನೂರಕ್ಕೆ ಹಿಂತಿರುಗಿಸಿದರೂ ನಂಬುತ್ತದೆ.

ಆಯಿಲ್ ಎಷ್ಟಿದೆ ಎಂಬುದು ಎಷ್ಟು ಹಳೆಯದು ಎಂಬುದಕ್ಕಿಂತ ತುರ್ತಿನ ಪ್ರಶ್ನೆ. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಒಂದು ಲೀಟರಿನಷ್ಟು ಅಂತರ. 1,000 ಕಿಲೋಮೀಟರಿಗೆ ಅರ್ಧ ಲೀಟರ್‌ವರೆಗೆ ಆಯಿಲ್ ಉರಿದುಹೋಗುವುದನ್ನು ಸಹಜವೆಂದು ಒಪ್ಪುವ ಕೈಪಿಡಿಗಳೂ ಇವೆ. ಹಾಗೆ ಕುಡಿಯುವ ಎಂಜಿನ್ನಿನಲ್ಲಿ ಮೇಲಿನ ಗೆರೆಯಿಂದ ಹೊರಟ ಆಯಿಲ್ 2,000 ಕಿಲೋಮೀಟರಿಗೇ ಕೆಳಗಿನ ಗೆರೆ ಮುಟ್ಟಿರುತ್ತದೆ. ಹತ್ತು ಸಾವಿರದ ಸರ್ವಿಸಿಗೆ ಕಾಯುತ್ತ ಕುಳಿತರೆ ಬದಲಾಯಿಸಲು ಅಲ್ಲಿ ಆಯಿಲೇ ಇರುವುದಿಲ್ಲ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಸಂಪಿಗೆ ಇಳಿಯಲು ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಲು ಹೆಚ್ಚು ಹೊತ್ತು ಬೇಡ. ನಾನು ತಿಂಗಳ ಮೊದಲ ಭಾನುವಾರ ನೋಡುತ್ತೇನೆ.

ಯಾವ ಆಯಿಲ್ ಎಂಬ ಚರ್ಚೆಗೆ ಕೊನೆಯಿಲ್ಲ, ನಾನು ಅದರೊಳಗೆ ಹೆಚ್ಚು ಇಳಿಯುವುದಿಲ್ಲ. 5ಡಬ್ಲ್ಯು-30 ಎಂದು ಕೈಪಿಡಿಯಲ್ಲಿದ್ದರೆ ಮೊದಲ ಅಂಕಿ ಚಳಿಯಲ್ಲಿ ಅದು ಹೇಗೆ ಹರಿಯುತ್ತದೆ ಎಂಬುದನ್ನು, ಎರಡನೆಯದು 100 ಡಿಗ್ರಿಯ ಬಿಸಿಯಲ್ಲಿ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ಹೆಚ್ಚು ಮಂದವಾದಷ್ಟೂ ಒಳ್ಳೆಯದೆಂದು ಅದನ್ನು ಮೀರಿ ಹೋಗುವುದು ಜಾಣತನವಲ್ಲ. ಡಬ್ಬಿಯ ಮೇಲಿನ ಇನ್ನೊಂದು ಗುರುತಿಗೆ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಗೊತ್ತುಮಾಡುವ ಎಪಿಐ ದರ್ಜೆಗೆ, ನಾನು ಬ್ರ್ಯಾಂಡಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. 2020ರಲ್ಲಿ ಬಂದ ಎಸ್‌ಪಿ ದರ್ಜೆಯು ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಇಂಧನ ಹೊತ್ತಿಗೆ ಮುಂಚೆಯೇ ಸಿಡಿಯುವ ತೊಂದರೆಯಿಂದಲೂ ಟೈಮಿಂಗ್ ಚೈನಿನ ಸವೆತದಿಂದಲೂ ರಕ್ಷಣೆಯನ್ನು ಪರೀಕ್ಷಿಸಿ ಕೊಟ್ಟ ದರ್ಜೆ.

ಅಂದು ನಾನೂ ಕಾರಿನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಹತ್ತು ನಿಮಿಷ ಓಡಿಸಿ ಬಿಸಿ ಮಾಡಿದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಮೊದಲು ಬೆರಳಿನ ದಪ್ಪಕ್ಕೆ ಧಾರೆಯಾಗಿ ಹಾರಿ, ನಿಧಾನವಾಗಿ ದಾರವಾಗಿ, ಕೊನೆಗೆ ಹನಿಯಾಯಿತು. ಬೋಲ್ಟಿನ ಹಳೆಯ ವಾಷರ್ ಚಪ್ಪಟೆಯಾಗಿತ್ತು, ಹೊಸದನ್ನು ಹಾಕಿದರು. ಹೊಸ ಫಿಲ್ಟರಿನ ರಬ್ಬರ್ ರಿಂಗಿಗೆ ಬೆರಳಿನಿಂದ ಒಂದಿಷ್ಟು ಆಯಿಲ್ ಸವರಿ, ಕೈಯಿಂದಲೇ ಬಿಗಿದರು. ಹಳೆಯದನ್ನೆಲ್ಲ ಒಂದು ಕ್ಯಾನಿಗೆ ಸುರಿದು ಬಿರಡೆ ಹಾಕಿದರು. ಅದು ಮರುಶುದ್ಧೀಕರಣಕ್ಕೆ ಹೋಗುತ್ತದೆ. ಆ ಎಣ್ಣೆಯಲ್ಲಿ ಭಾರಲೋಹವೂ ಮಸಿಯೂ ಇರುವುದರಿಂದ ಮಣ್ಣಿಗೂ ಚರಂಡಿಗೂ ಚೆಲ್ಲುವಂಥದ್ದಲ್ಲ.

ಮೊದಲು ನಾನು ಕೈಪಿಡಿಯ ಸಣ್ಣಕ್ಷರಕ್ಕೆ ಶರಣಾಗಿ 6 ತಿಂಗಳಿಗೊಮ್ಮೆ ಬದಲಾಯಿಸಲು ಶುರುಮಾಡಿದೆ. ಎರಡು ಸಲ ಹಾಗೆ ಮಾಡಿದ ಮೇಲೆ, ಆಯಿಲನ್ನು ಬೇಗ ಬದಲಾಯಿಸುವುದಕ್ಕಿಂತ ಓಡಾಟವನ್ನು ಬದಲಾಯಿಸುವುದು ಮೇಲಲ್ಲವೇ ಎನ್ನಿಸಿತು. ಈಗ ಕೆಲಸಕ್ಕೆ ಹೆಚ್ಚಿನ ದಿನ ನಡೆದೇ ಹೋಗುತ್ತೇನೆ, ವಾರಕ್ಕೊಮ್ಮೆ ಕಾರನ್ನು ಮುಕ್ಕಾಲು ಗಂಟೆ ನಿಲ್ಲಿಸದೆ ಓಡಿಸುತ್ತೇನೆ. ಅದರಿಂದಾಗಿ ಅವಧಿಯನ್ನು ಮತ್ತೆ 12 ತಿಂಗಳಿಗೆ ಒಯ್ದಿದ್ದೇನೆ, ಅದಕ್ಕಿಂತ ಒಂದು ದಿನವೂ ಮುಂದಕ್ಕಲ್ಲ. ಬಾನೆಟ್ಟಿನ ಒಳಗೆ ಅಂಟಿಸಿದ ಚೀಟಿಯಲ್ಲಿ ತಾರೀಖು, ಕಿಲೋಮೀಟರ್, ಅದರ ಪಕ್ಕದಲ್ಲಿ ಭಾಗಿಸಿ ತೆಗೆದ ಗಂಟೆ, ಮೂರನ್ನೂ ಬರೆದಿಡುತ್ತೇನೆ. ಕಳೆದ ಬಾರಿ ಅಲ್ಲಿದ್ದದ್ದು 96 ಗಂಟೆ. ಮೆಕ್ಯಾನಿಕ್ ಎಂದಿನಂತೆ ಮುಚ್ಚಳ ತೆಗೆದು, ಒಳಗೆ ಕಣ್ಣು ಹಾಯಿಸಿ, ನನ್ನ ಕಡೆ ತೋರಿಸದೆಯೇ ಸೊಂಟದ ಬಟ್ಟೆಯಿಂದ ಒಮ್ಮೆ ಒರೆಸಿ ಪಕ್ಕಕ್ಕಿಟ್ಟು, ಬೋಲ್ಟ್ ಬಿಚ್ಚಲು ಸ್ಪ್ಯಾನರ್ ಹಿಡಿದು ಕಾರಿನಡಿಗೆ ಹೋದರು.